ಗುರುಮಲ್ಲಪ್ಪನ ಮನೆಯ ಕೊರತೆ

ನಮ್ಮೂರಿನಲ್ಲಿ ಹೆಣ್ಣು ಕೊಡುವವರು ಗಂಡಿನ ಮನೆತನ, ನಡತೆ, ಸಂಪಾದನೆ ಎಲ್ಲವನ್ನೂ ಆಮೇಲೆ ವಿಚಾರಿಸುತ್ತಾರೆ. ಮೊದಲು ಕೇಳುವುದು ಒಂದೇ ಮಾತು: ನಿಮ್ಮ ಮನೆಯ ಕೊರತೆ ಏನು, ಅದು ಯಾರ ಹತ್ತಿರ ಇದೆ? ಇದಕ್ಕೆ ಉತ್ತರ ಹೇಳಲು ತಡವರಿಸಿದರೆ ಬಂದವರು ಕಾಫಿ ಲೋಟ ಮುಟ್ಟದೆ ಎದ್ದುಬಿಡುತ್ತಾರೆ.

ಹಿಂದೆ ಒಂದು ಸಿನಿಮಾ ಕಂಪನಿ ಊರಾಚೆಯ ಮರಳುಗುಡ್ಡದಲ್ಲಿ ಬೀಡುಬಿಟ್ಟು, ಬೇರೆ ಬೇರೆ ಲೋಕಕ್ಕೆ ಹೋಗುವವರ ಚಿತ್ರಗಳನ್ನು ಸಾಲಾಗಿ ತೆಗೆದು, ಒಂದು ದಿನ ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಹೊರಟುಹೋಯಿತು. ತಗಡಿನ ರಾಕೆಟ್ಟು, ಬೆಳ್ಳಿ ಬಣ್ಣದ ಬೂಟು, ಪ್ಲೈವುಡ್ಡಿನ ಯಂತ್ರಮಾನವ, ಹಸಿರು ಗಾಜಿನ ಕಣ್ಣು, ಏನುಂಟು ಏನಿಲ್ಲ. ಬೇರೆ ಊರಿನವರು ಇವನ್ನು ಹುಡುಕಿಕೊಂಡು ಬಂದು ಕೊಂಡುಹೋಗುವುದೂ ಉಂಟು. ಅವರ ಮನೆಯಲ್ಲಿ ಅದು ಬರೀ ತಗಡು. ನಮ್ಮೂರಿನಲ್ಲಿ ಹಾಗಲ್ಲ. ಒಂದು ಚಿತ್ರದ ಸಾಮಾನು ಒಂದೇ ಮನೆಗೆ ಸೇರುತ್ತ ಬಂದರೆ ಆ ಮನೆ ನಿಧಾನವಾಗಿ ಆ ಚಿತ್ರದೊಳಗಿನ ಲೋಕಕ್ಕೆ ಒಗ್ಗುತ್ತದೆ. ಅದಕ್ಕೇ ಪೂರ್ತಿ ಸೇರಲು ಬಿಡುವುದಿಲ್ಲ. ಯಾವುದಾದರೂ ಒಂದನ್ನು ನಂಬಿಕಸ್ಥರ ಮನೆಯಲ್ಲಿ ಇಟ್ಟಿರುತ್ತೇವೆ. ಅದಕ್ಕೆ ಕೊರತೆ ಎನ್ನುತ್ತೇವೆ.

ಯಾವುದು ಹೊರಗಿರುತ್ತದೋ ಮನೆಯೊಳಗೆ ಅದಕ್ಕೇ ಬರ. ದರ್ಜಿ ಮನೆಯವರು ಯಂತ್ರಮಾನವನ ಕಿವಿಗಳನ್ನು ಕೊರತೆ ಕೊಟ್ಟಿದ್ದಾರೆ, ಅವರ ಮನೆಯಲ್ಲಿ ಏನು ಹೇಳಬೇಕಾದರೂ ಕೂಗಿ ಹೇಳಬೇಕು. ಅಂಚೆ ಮೇಷ್ಟ್ರ ಮನೆಯದು ಕಾಗದದ ಚಂದ್ರ. ಅವರ ಮಾಳಿಗೆಯ ಮೇಲೆ ಬೆಳದಿಂಗಳು ಬೀಳುವುದಿಲ್ಲ, ಬೆಳದಿಂಗಳೂಟಕ್ಕೆ ಪಾತ್ರೆ ಎತ್ತಿಕೊಂಡು ಪಕ್ಕದ ಮಾಳಿಗೆಗೆ ಹೋಗುತ್ತಾರೆ. ಇಂಥ ಸಣ್ಣಪುಟ್ಟದ್ದನ್ನು ನೋಡಿ ಆರಿಸುವುದೇ ಜಾಣತನ. ಪೂರ್ತಿ ಮಾಡಿಯೇ ತೀರುತ್ತೇನೆಂದು ಕುಂಬಾರಬೀದಿಯಲ್ಲಿ ಒಬ್ಬರು ಹಟ ಹಿಡಿದು ಮಾಡಿದರು. ಬೆಳಿಗ್ಗೆ ನೋಡಿದರೆ ಅವರ ಎಡಗಡೆಯ ಮನೆಯ ಗೋಡೆಯೂ ಬಲಗಡೆಯ ಮನೆಯ ಗೋಡೆಯೂ ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವೆ ಮನೆಯಿತ್ತು ಎನ್ನುವುದಕ್ಕೆ ಗುರುತೇ ಇಲ್ಲ. ಹಾಲಿನವಳು ಈಗಲೂ ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಮುಂದಕ್ಕೆ ಹೋಗುತ್ತಾಳೆ.

ಹಾಗಾದರೆ ಎಲ್ಲವನ್ನೂ ಎತ್ತಿ ಹೊರಗೆ ಹಾಕಿ ಅಂತ ಪರ ಊರಿನವರು ಬುದ್ಧಿ ಹೇಳುತ್ತಾರೆ. ಒಂದು ಹೊರಗಿದ್ದರೆ ಒಂದು ಬರ, ಎರಡು ಹೊರಗಿದ್ದರೆ ಎರಡು ಬರ. ಎಲ್ಲವೂ ಹೊರಗಿದ್ದರೆ ಏನಾಗುತ್ತದೆಂದು ನೋಡುವ ಧೈರ್ಯ ಯಾರಿಗೂ ಇಲ್ಲ. ಇನ್ನೊಂದು ಮಾತು. ಈ ಬರ ತಟ್ಟುವುದು ಹಗಲೂ ರಾತ್ರಿ ಮನೆಯಲ್ಲೇ ಇರುವವರಿಗೆ, ಹೊರಗೆ ತಿರುಗುವವರಿಗೆ ಅಷ್ಟಾಗಿ ತಟ್ಟದು. ತಂದು ತುಂಬುವವರು ಗಂಡಸರು, ಒಳಗಿರುವವರು ಹೆಂಗಸರು. ಇದನ್ನು ನಾನು ಬಾಯಿಬಿಟ್ಟು ಹೇಳಿದಾಗೆಲ್ಲ ಗಂಡಸರು ತಮ್ಮ ಹಿಟ್ಟಿನ ಡಬ್ಬ ಎತ್ತಿಕೊಂಡು ಎದ್ದುಹೋಗಿದ್ದಾರೆ. ಹೋಗಲಿ, ಊರಿಗಿರುವುದು ನನ್ನದೊಂದೇ ಗಿರಣಿ, ನಾಳೆ ಮತ್ತೆ ಬರಲೇಬೇಕು.

ನನ್ನ ಹೆಸರು ಮಾದೇವಕ್ಕ. ಗಂಡ ಹೋದ ಮೇಲೆ ಗಿರಣಿ ನಾನೇ ನಡೆಸುತ್ತಿದ್ದೇನೆ. ಆ ಸದ್ದಿನಲ್ಲಿ ಮಾತಾಡಿ ಮಾತಾಡಿ ದನಿ ಗಟ್ಟಿಯಾಗಿದೆ, ಜನ ಜಗಳಗಂಟಿ ಎನ್ನುತ್ತಾರೆ. ಜಗಳವಾಡಿದರೂ ಬಿಟ್ಟುಹೋಗದವಳು ಒಬ್ಬಳೇ, ಗಂಗು. ಪೂರ್ತಿ ಹೆಸರು ಶಿವಗಂಗಮ್ಮ, ಎದುರುಮನೆ ಗುರುಮಲ್ಲಪ್ಪನ ಹೆಂಡತಿ. ಅವರ ಮನೆಯ ಕೊರತೆ ಇದ್ದದ್ದು ನನ್ನ ಹತ್ತಿರ. ಅಂಗೈ ಅಗಲದ ಒಂದು ಹಿತ್ತಾಳೆ ಚಕ್ರ, ಗಿರಣಿಯ ಗೋಡೆಯಲ್ಲಿ ಮೊಳೆಗೆ ನೇತುಹಾಕಿಕೊಂಡಿದ್ದೆ. ಕೊರತೆ ಇಟ್ಟುಕೊಂಡವರಿಗೆ ಗೌರಿ ಹಬ್ಬದಲ್ಲಿ ಬಾಗಿನ ಕೊಡುವುದು ನಮ್ಮಲ್ಲಿ ಪದ್ಧತಿ. ಗಂಗು ತಪ್ಪದೆ ತರುತ್ತಿದ್ದಳು.

ಗುರುಮಲ್ಲಪ್ಪ ಕೂಡಿಹಾಕಿದ್ದು ಕೆಂಪು ಮಣ್ಣಿನ ಲೋಕಕ್ಕೆ ಹೋದವರ ಒಂದು ಚಿತ್ರದ ಸಾಮಾನು. ಆ ಚಿತ್ರದ ರೀಲು ಯಾವಾಗಲೋ ಸುಟ್ಟುಹೋಗಿದೆ, ನೋಡಿದವರು ಯಾರೂ ಉಳಿದಿಲ್ಲ, ಕಥೆ ಏನೆಂದು ಅವನಿಗೂ ಗೊತ್ತಿಲ್ಲ. ಅದೇ ಅವನಿಗೊಂದು ಹೆಮ್ಮೆ. ಗಾಜಿನ ಶಿರಸ್ತ್ರಾಣ, ಬೂಟು, ಕೆಂಪು ಬಣ್ಣ ಹಚ್ಚಿದ ರಬ್ಬರಿನ ಬಂಡೆಗಳು, ಗುಂಡಿಗಳನ್ನು ಬಣ್ಣದಲ್ಲೇ ಬರೆದಿದ್ದ, ರೇಡಿಯೋದಂಥ ಒಂದು ಮಾತಿನ ಪೆಟ್ಟಿಗೆ, ಮೊಳದುದ್ದದ ತಗಡಿನ ರಾಕೆಟ್ಟು. ಇಷ್ಟನ್ನೂ ನಡುಮನೆಯ ಅಟ್ಟಣಿಗೆಯ ಮೇಲೆ ಜೋಡಿಸಿ, ಬಂದವರಿಗೆಲ್ಲ ತೋರಿಸುತ್ತಿದ್ದ. ಹಿತ್ತಾಳೆ ಚಕ್ರ ಮಾತ್ರ ಯಾವುದಕ್ಕೆ ಸೇರಿದ್ದೆಂದು ತಿಳಿದಿರಲಿಲ್ಲ. ಪ್ರಯೋಜನಕ್ಕೆ ಬಾರದ್ದು, ಇದೇ ಇರಲಿ ಅಂತ ಅದನ್ನೇ ಕೊರತೆ ಕೊಟ್ಟ.

ಬಂಡೆಗಳಿಂದ ದಿನವೂ ಒಂದು ಹಿಡಿ ಕೆಂಪು ಧೂಳು ಉದುರುತ್ತಿತ್ತು, ಗಂಗು ಗುಡಿಸುತ್ತಿದ್ದಳು. ಸಂಜೆಯಾದರೆ ಶಿರಸ್ತ್ರಾಣದ ಗಾಜಿನ ಒಳಮೈಯಲ್ಲಿ ಯಾರೋ ಉಸಿರಾಡಿದಂತೆ ಮಂಜು ಕಟ್ಟುತ್ತಿತ್ತು, ದೀಪ ಹಚ್ಚುವ ಮುಂಚೆ ಅದನ್ನೊಂದು ಹತ್ತಿಬಟ್ಟೆಯಲ್ಲಿ ಒರೆಸುತ್ತಿದ್ದಳು. ಆ ಬಟ್ಟೆಯನ್ನು ಬೇರೆ ಯಾವುದಕ್ಕೂ ಮುಟ್ಟಿಸುತ್ತಿರಲಿಲ್ಲ. ಇದೆಲ್ಲ ಅವಳಿಗೆ ಪಾತ್ರೆ ತೊಳೆದಷ್ಟೇ ರೂಢಿಯಾಗಿತ್ತು. ಆದರೆ ಅವಳ ಉಸಿರು ವರ್ಷದಿಂದ ವರ್ಷಕ್ಕೆ ಮೋಟಾಗುತ್ತ ಬಂತು. ಮದುವೆಯಾಗಿ ಬಂದಾಗ ಬಾವಿಯಿಂದ ಎರಡೆರಡು ಕೊಡ ಹೊತ್ತು ಹಾಡಿಕೊಂಡು ಬರುತ್ತಿದ್ದವಳು, ಎದುರಿನ ನನ್ನ ಗಿರಣಿಗೆ ಬರಬೇಕಾದರೆ ಬೀದಿಯ ನಡುವೆ ಕಲ್ಲುಗೂಟ ಹಿಡಿದು ನಿಲ್ಲಬೇಕಾಯಿತು. ಒಂದು ಮಾತನ್ನು ಮೂರು ತುಂಡು ಮಾಡಿ ಹೇಳುತ್ತಿದ್ದಳು. ಗುರುಮಲ್ಲಪ್ಪ ವೈದ್ಯರನ್ನು ಬದಲಾಯಿಸಿ ಬದಲಾಯಿಸಿ ಸುಸ್ತಾದ. ಕಷಾಯ ಕುಡಿದು ಕುಡಿದು ಅವಳ ನಾಲಿಗೆ ಕಪ್ಪಾಯಿತು.

ಒಂದು ಮಧ್ಯಾಹ್ನ ನಾನು ಅವರ ಮನೆಗೆ ರಾಗಿ ಹಿಟ್ಟು ಕೊಡಲು ಹೋಗಿದ್ದೆ. ಗುಜರಿ ಇಮಾಮ್ ಸಾಬರು ಜಗಲಿಯ ಮೇಲೆ ಕೂತು ಒಂದು ರಟ್ಟಿನ ಫೋಟೋ ಬಿಚ್ಚುತ್ತಿದ್ದರು. ಹಿಂದೆ ಟಾಕೀಸಿನ ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಅಂಟಿಸುತ್ತಿದ್ದಂಥದ್ದು.

"ನಿಮ್ಮ ಚಿತ್ರದ್ದೇ ಇರಬೇಕು ನೋಡಿ, ಗುರುಮಲ್ಲಪ್ಪನವರೇ. ತಲೆಗೆ ಹಾಕಿರೋ ಗಾಜಿನ ಬುರುಡೆ ನೋಡಿ ಗುರುತು ಸಿಕ್ತು ನನಗೆ," ಎಂದರು.

ಗುರುಮಲ್ಲಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ. "ಇದೊಂದೇ ಕಣ್ರೀ ಇರೋದು. ಪ್ರಪಂಚದಲ್ಲಿ ಇದೊಂದೇ. ಮೂಲೆ ಸಹ ಮುದುರಿಲ್ಲ ನೋಡಿ ಮಾದೇವಕ್ಕ," ಎಂದ. ಅವನು ಮೂಲೆ ನೋಡುತ್ತಿದ್ದ, ನಾನು ನಡುವೆ ನೋಡಿದೆ. ಶಿರಸ್ತ್ರಾಣ ತೊಟ್ಟ ಒಬ್ಬ ಹೆಂಗಸು ಕೆಂಪು ಬಂಡೆಗಳ ನಡುವೆ ಮಂಡಿಯೂರಿದ್ದಾಳೆ. ಅವಳ ಪಕ್ಕದಲ್ಲಿ ಒಂದು ಸಿಲಿಂಡರು. ಅದರಿಂದ ಹೊರಟ ಕೊಳವೆ ಅವಳ ಬೆನ್ನಿಗೆ ಸೇರಿದೆ. ಸಿಲಿಂಡರಿನ ಕುತ್ತಿಗೆಯ ಮೇಲೆ ಹಿತ್ತಾಳೆ ಚಕ್ರ. ಅವಳು ಎರಡೂ ಕೈ ಹಾಕಿ ಅದನ್ನು ತಿರುಗಿಸುತ್ತಿದ್ದಾಳೆ.

ಗಂಗು ಬಾಗಿಲಿಗೆ ಒರಗಿ ನಿಂತು ನೋಡಿದಳು. "ಅದು... ಮಾದೇವಿ ಗಿರಣೀಲಿರೋ... ಚಕ್ರ ಅಲ್ವಾ," ಎಂದಳು. ಇಮಾಮ್ ಸಾಬರು ಚೀಲ ಎತ್ತಿಕೊಂಡು, ಚಪ್ಪಲಿ ಕೈಯಲ್ಲೇ ಹಿಡಿದು ಹೊರಟುಹೋದರು.

ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. "ಗುರುಮಲ್ಲಣ್ಣ, ಉಸಿರನ್ನ ತಂದು ನನ್ನ ಗೋಡೆಗೆ ನೇತುಹಾಕಿ, ಇಷ್ಟು ವರ್ಷ ಕಷಾಯ ಕುಡಿಸಿದ್ರಲ್ಲ," ಎಂದೆ. ಫೋಟೋ ಅವನ ತೊಡೆಯ ಮೇಲಿಂದ ಜಾರಿ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ಅವನು ಕೆಟ್ಟವನಲ್ಲ. ಸಾಮಾನು ಕೂಡಿಸುವ ಹುಚ್ಚು ಹಿಡಿದವನಿಗೆ ಸಾಮಾನೇ ಕಾಣುತ್ತದೆ, ಅಷ್ಟೆ.

ಚಕ್ರ ಒಳಗೆ ತರಬೇಕಾದರೆ ಬೇರೊಂದು ಹೊರಗೆ ಹೋಗಬೇಕು. ಯಾವುದು? ಮೂವರೂ ನಡುಮನೆಯಲ್ಲಿ ಕೂತೆವು. ಶಿರಸ್ತ್ರಾಣ ಹೊರಗೆ ಹೋದರೆ ತಲೆಗೇ ಏನಾದರೂ ಆದೀತು. ಬೂಟು ಹೋದರೆ ಕಾಲು. ಬಂಡೆ ಹೋದರೆ ಕಾಲ ಕೆಳಗಿನ ನೆಲ. ಪೆಟ್ಟಿಗೆ ಹೋದರೆ ಮಾತು. "ಮಾತು ಹೋದ್ರೆ ನಾನು ಈ ಮನೆ ಮೆಟ್ಟಿಲು ಹತ್ತೋದ್ಯಾಕೆ, ಅದು ಆಗಲ್ಲ," ಎಂದೆ. ಕೊನೆಗೆ ಗಂಗುವೇ ರಾಕೆಟ್ಟಿನ ಕಡೆ ಕೈ ತೋರಿಸಿ ನಕ್ಕಳು.

"ಅದನ್ನ ಕೊಡಿ. ಮನೇಲೇ... ಬಿದ್ದಿರೋಳು ನಾನು. ನನಗ್ಯಾಕೆ... ರಾಕೆಟ್ಟು? ನಾನೆಲ್ಲಿಗೆ ಹೋಗ್ಬೇಕು?"

ನಮಗೂ ಅದೇ ಸರಿ ಅನ್ನಿಸಿತು. ಇದಕ್ಕಿಂತ ನಿರುಪಯೋಗಿ ಸಾಮಾನು ಇನ್ನೊಂದಿಲ್ಲ ಎಂದು ಗುರುಮಲ್ಲಪ್ಪ ಕಣ್ಣೊರೆಸಿಕೊಂಡು ಹೇಳಿದ. ಮೊದಲು ರಾಕೆಟ್ಟು ಗಿರಣಿಗೆ ಬಂತು, ಆಮೇಲೆ ಚಕ್ರ ಅವರ ಹೊಸ್ತಿಲು ದಾಟಿತು. ಅದನ್ನು ಒಳಗೆ ಒಯ್ದವಳು ನಾನೇ. ಅಟ್ಟಣಿಗೆಯ ಮೇಲೆ ಇಟ್ಟು ತಿರುಗಿದ್ದೇ ತಡ, ಗಂಗು ಒಂದು ಉಸಿರು ಎಳೆದುಕೊಂಡಳು. ಎಳೆಯುತ್ತಲೇ ಇದ್ದಳು. ಇಷ್ಟು ಉದ್ದದ ಉಸಿರನ್ನು ನಾನು ಯಾರ ಎದೆಯಲ್ಲೂ ನೋಡಿಲ್ಲ. ಬಿಟ್ಟಮೇಲೆ ನನ್ನನ್ನು ನೋಡಿ, "ಮಾದೇವಿ, ಹೋದ ಗೌರಿ ಹಬ್ಬದಲ್ಲಿ ನೀನು ನನ್ನ ಬಾಗಿನದಲ್ಲಿ ಬಳೆ ಸಣ್ಣದಾಯ್ತು ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಾಡಿದ್ಯಲ್ಲ, ಅದಕ್ಕೆ ಉತ್ತರ ಹೇಳೋಕೆ ಆಗ ಉಸಿರಿರಲಿಲ್ಲ, ಈಗ ಕೇಳಿಸ್ಕೋ," ಎಂದು ಶುರುಮಾಡಿದಳು. ಬೈಸಿಕೊಂಡು ನಾನು ಅತ್ತೆ. ಸಂತೋಷಕ್ಕೆ ಅತ್ತೆ, ಅದರಲ್ಲೇನು ನಾಚಿಕೆ.

ಕೆಲವು ದಿನ ಆ ಮನೆಯಲ್ಲಿ ಹಬ್ಬ. ಗಂಗು ಒರಳಿನಲ್ಲಿ ಚಟ್ನಿ ರುಬ್ಬಿದಳು, ಹಿತ್ತಲಿನಲ್ಲಿ ಹಾಡಿದಳು, ಬಟ್ಟೆ ಒಗೆದಳು. ಶಿರಸ್ತ್ರಾಣದಲ್ಲಿ ಮಂಜು ಕಟ್ಟುವುದೂ ನಿಂತಿತು. ಒಂದು ಬೆಳಿಗ್ಗೆ ನಾನು ಬೀದಿಯಲ್ಲೇ ನಿಂತು, "ಬಾರೇ, ಗಿರಣಿಗೆ ಬಂದು ಎಷ್ಟು ದಿನ ಆಯ್ತು," ಎಂದು ಕರೆದೆ. ಬಂದೆ ಎಂದು ಹೊಸ್ತಿಲವರೆಗೆ ಬಂದವಳು ಅಲ್ಲೇ ನಿಂತಳು. ಅವಳ ಕಣ್ಣು ನನ್ನ ಮೇಲೆ ಬಿತ್ತು. ನನ್ನ ಮೇಲೆ ನಿಲ್ಲಲಿಲ್ಲ. ನನ್ನ ಹಿಂದೆ ಎಲ್ಲೋ ಬಲು ದೂರದಲ್ಲಿ ನಿಂತಿತು.

"ಮಾದೇವಿ, ಎಲ್ಲಿದ್ದೀಯೇ? ಹೊರಗೆ ಯಾರೂ ಇಲ್ವಲ್ಲ," ಎಂದಳು.

"ಕಣ್ಮುಂದೆ ನಿಂತಿದ್ದೀನಲ್ಲೇ."

"ದನಿ ಬರ್ತಿದೆ. ಬೀದಿ ಇಲ್ಲ ಕಣೇ. ಬರೀ ಕೆಂಪು ಮಣ್ಣು. ಮಧ್ಯಾಹ್ನ ಕೂಡ ಆಗಿಲ್ಲ, ಆಗ್ಲೇ ಚುಕ್ಕಿ ಕಾಣ್ತಿದೆ."

ನಾನು ಒಳಗೆ ಓಡಿ ಅವಳ ಕೈ ಹಿಡಿದೆ. ಒಳಗೆ ಎಲ್ಲ ಸರಿಯಾಗಿತ್ತು. ಕೈ ಬೆಚ್ಚಗಿತ್ತು. ಎಳೆದುಕೊಂಡು ಹೊಸ್ತಿಲು ದಾಟಿದರೆ ನಾನೊಬ್ಬಳೇ ಬೀದಿಯಲ್ಲಿದ್ದೆ, ಹಿಡಿದ ಕೈ ಹೇಗೆ ಬಿಟ್ಟುಹೋಯಿತೋ ತಿಳಿಯದು. ತಿರುಗಿ ನೋಡಿದರೆ ಅವಳು ಬಾಗಿಲಲ್ಲಿ ತನ್ನ ಅಂಗೈ ನೋಡಿಕೊಳ್ಳುತ್ತ ನಿಂತಿದ್ದಳು. ನಾವು ರಾಕೆಟ್ಟು ಹೋಗುವುದಕ್ಕೆ ಎಂದುಕೊಂಡಿದ್ದೆವು. ಹೋದವರು ಮರಳಿ ಬರಬೇಕಾದದ್ದೂ ಅದರಲ್ಲೇ ಎನ್ನುವುದು ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಆಮೇಲಿನದು ಬೇಗಬೇಗ ಆಯಿತು. ಹಿತ್ತಲು ಉದ್ದವಾಗಿದೆ ಎಂದು ಗಂಗು ಹೇಳತೊಡಗಿದಳು. ನಾನು ನೋಡಿದರೆ ಅದೇ ನುಗ್ಗೆ ಮರ, ಅದೇ ಒಗೆಯುವ ಕಲ್ಲು. ಅವಳು ಬೂಟು ಹಾಕಿಕೊಂಡು ಬೆಳಿಗ್ಗೆ ಹಿತ್ತಲಿಗೆ ಹೋದರೆ ಊಟದ ಹೊತ್ತಿಗೆ ಬರುತ್ತಿದ್ದಳು. ಆಮೇಲೆ ಸಂಜೆಗೆ. ಒಂದು ದಿನ ಶಿರಸ್ತ್ರಾಣವನ್ನೂ ಒಯ್ದಳು. ಅಟ್ಟಣಿಗೆಯ ಮೇಲಿನ ಬಂಡೆಗಳೂ ಅವತ್ತೇ ಕಾಣೆಯಾದವು. ಸಂಜೆ ಬರಲಿಲ್ಲ. ಒಗೆದು ಹರವಿದ ಅವಳ ಸೀರೆ ಹಗ್ಗದ ಮೇಲೆ ಒಣಗುತ್ತಿತ್ತು. ಗುರುಮಲ್ಲಪ್ಪ ಹಿತ್ತಲಿನ ಗೋಡೆಯುದ್ದಕ್ಕೂ ಕೈಯಾಡಿಸಿಕೊಂಡು ಹೆಸರು ಹಿಡಿದು ಕೂಗುತ್ತಿದ್ದಾಗ, ನಡುಮನೆಯ ಮಾತಿನ ಪೆಟ್ಟಿಗೆ ಮಾತಾಡಿತು. ಒಳಗೆ ತಂತಿಯಿಲ್ಲ, ಏನಿಲ್ಲ, ಬರೀ ಪ್ಲೈವುಡ್ಡು. ದನಿ ಗಂಗುವಿನದೇ.

"ಯಾಕ್ರೀ ಕೂಗ್ತೀರ? ಇಲ್ಲೇ ಇದ್ದೀನಿ. ಗುಡ್ಡ ಒಂದು ಸಿಕ್ಕಿತ್ತು, ಹತ್ತಿ ಇಳೀತಿದ್ದೆ."

ಮೊದಮೊದಲು ಪೆಟ್ಟಿಗೆಗೆ ಬಾಯಿಟ್ಟು ಏನು ಕೇಳಿದರೂ ಒಂದು ಗುಟುಕು ಕಾಫಿ ಕುಡಿಯುವಷ್ಟರಲ್ಲಿ ಉತ್ತರ ಬರುತ್ತಿತ್ತು. ಆಮೇಲೆ ಲೋಟ ಮುಗಿಯುವಷ್ಟು ಹೊತ್ತಾಯಿತು. ಬರಬರುತ್ತ ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆ, ಸಂಜೆ ಕೇಳಿದ್ದಕ್ಕೆ ಮರುದಿನ. ಅಷ್ಟರಲ್ಲಿ ನಾನು ಇನ್ನೇನೋ ಹೇಳಿರುತ್ತಿದ್ದೆ. ನಿನ್ನೆಯ ಮಾತಿಗೆ ಅವಳು ಇವತ್ತು ನಗುವಳು, ಇವತ್ತಿನ ಮಾತಿಗೆ ನಾನು ಅಳುತ್ತಿರುವಾಗ. ಅವಳು ದೂರ ಹೋಗುತ್ತಿದ್ದಾಳೆಂದು ಗುರುಮಲ್ಲಪ್ಪನಿಗೂ ತಿಳಿಯುತ್ತಿತ್ತು. ಅವನು ಊಟ ಬಿಟ್ಟ. ಸಾಮಾನು ಹುಡುಕಿಕೊಂಡು ಊರೂರು ಸುತ್ತುತ್ತಿದ್ದವನು ಊರು ಬಿಟ್ಟು ಕದಲಲಿಲ್ಲ.

ಒಂದು ಬೆಳಿಗ್ಗೆ ಅವನು ಗಿರಣಿಗೆ ಬಂದ. "ಮಾದೇವಕ್ಕ, ರಾಕೆಟ್ಟು ಕೊಡಿ. ಒಳಗೆ ಇಟ್ಬಿಡ್ತೀನಿ, ಅವಳು ಬರ್ತಾಳೆ."

"ಅದಕ್ಕೆ ಬದಲು ಏನು ಹೊರಗೆ ಬರುತ್ತೆ? ಮನೇಲಿ ಉಳಿದಿರೋದು ಎರಡೇ. ಚಕ್ರ ತೆಗೆದ್ರೆ ಉಸಿರಿಲ್ಲ. ಅಷ್ಟು ದೂರ ಇರೋಳು ದಾರೀಲೇ ಬಿದ್ರೆ?"

"ಚಕ್ರ ಬೇಡ. ಪೆಟ್ಟಿಗೆ ತೆಗೆಯೋಣ."

"ಹಂಗಾದ್ರೆ ಮಾತು ಹೋಗುತ್ತೆ. ಮೂಗಿಯಾಗಿ ಬರ್ತಾಳೆ."

ಅವನು ನೆಲ ನೋಡುತ್ತ, "ಮಾತಿಲ್ದಿದ್ರೆ ಇಲ್ಲ, ಮನೇಲಿದ್ರೆ ಸಾಕು ನಂಗೆ," ಎಂದ.

ಈ ಮಾತಿಗೆ ನಾನು ಹಿಟ್ಟಿನ ಮೊರವನ್ನೇ ಅವನ ಮೇಲೆ ಎಸೆಯುತ್ತಿದ್ದೆನೋ ಏನೋ. ಅವನ ಮುಖ ನೋಡಿ ಕೈ ಬರಲಿಲ್ಲ. ಅವನು ದುರಹಂಕಾರಕ್ಕೆ ಹೇಳಿದ್ದಲ್ಲ, ದಿಕ್ಕು ತೋಚದೆ ಹೇಳಿದ್ದು. ನನ್ನೊಳಗೂ ಅಷ್ಟೇ ಸ್ವಾರ್ಥವಿತ್ತು. ಅವಳು ಏದುಸಿರು ಬಿಟ್ಟರೂ ಸರಿ, ನನ್ನೆದುರು ಕೂತು ಮಾತಾಡಲಿ ಎಂದು ನನ್ನ ಆಸೆ. ಅವನಿಗೆ ಅವಳ ಇರುವಿಕೆ ಬೇಕು, ನನಗೆ ಅವಳ ಮಾತು ಬೇಕು. ಇಬ್ಬರೂ ಅವಳನ್ನು ತುಂಡು ಮಾಡಿ ಹಂಚಿಕೊಳ್ಳಲು ಕೂತಿದ್ದೆವು.

"ಗುರುಮಲ್ಲಣ್ಣ," ಎಂದೆ, "ಹೋದ ಸಲ ಮೂರು ಜನ ಕೂತು ತೀರ್ಮಾನ ಮಾಡಿ ಹಾಳು ಮಾಡಿದ್ವಿ. ಈ ಸಲ ಇಬ್ರೇ ಕೂತು ಮಾಡೋದು ಬೇಡ. ಅವಳನ್ನ ಕೇಳೋಣ. ಉತ್ತರ ಬರೋತನಕ ನೀವು ರಾಕೆಟ್ಟು ಮುಟ್ಟೋ ಹಾಗಿಲ್ಲ, ನಾನು ಚಕ್ರ ಮುಟ್ಟೋ ಹಾಗಿಲ್ಲ."

ಪೆಟ್ಟಿಗೆಯ ಮುಂದೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ರಾಕೆಟ್ಟು ಒಳಗಿಟ್ಟರೆ ನೀನು ಬರಬಹುದು. ಚಕ್ರ ತೆಗೆದರೆ ಮೊದಲಿನ ಹಾಗೆ ಏದುಸಿರು, ಅದೂ ದಾರಿ ಸವೆಸಿ ಮನೆ ಮುಟ್ಟಿದರೆ. ಪೆಟ್ಟಿಗೆ ತೆಗೆದರೆ ಉಸಿರು ಇರುತ್ತೆ, ಮಾತು ಇರಲ್ಲ. ಯಾವುದು ಬೇಕು ಹೇಳು. ಆದಷ್ಟು ಬೇಗ ಹೇಳು. ಕೊನೆಯದನ್ನು ಹೇಳುವಾಗಲೇ ನನ್ನ ಬುದ್ಧಿಗೆ ನಾನೇ ನಗಬೇಕೆನ್ನಿಸಿತು.

ಕಾಯುವುದು ನನ್ನ ಜಾಯಮಾನವಲ್ಲ. ರಾಗಿ ಹಾಕಿದರೆ ಹಿಟ್ಟು ಬರಬೇಕು, ಅದು ನನಗೆ ಗೊತ್ತಿರುವ ಲೋಕ. ದಿನಗಳು ಹೋದವು. ಪೆಟ್ಟಿಗೆಯಲ್ಲಿ ಅವಳ ಹಳೆಯ ಉತ್ತರಗಳು ಬರುತ್ತಿದ್ದವು, ಎಂದೋ ಕೇಳಿ ಮರೆತಿದ್ದಕ್ಕೆ. ಹೌದು ಕಣೇ, ಸಾಸಿವೆ ಡಬ್ಬದ ಹಿಂದೆ ಇಟ್ಟಿದ್ದೀನಿ. ಇಲ್ಲ, ಚಳಿ ಆಗಲ್ಲ. ಒಂದೊಂದನ್ನೂ ಕೇಳಿ ಗುರುಮಲ್ಲಪ್ಪ ಎದ್ದು ನಿಲ್ಲುವನು, ಅದಲ್ಲವೆಂದು ಗೊತ್ತಾಗಿ ಕೂರುವನು. ಒಮ್ಮೆ ನಾನಿಲ್ಲದ ಹೊತ್ತು ನೋಡಿ ಗಿರಣಿಗೆ ನುಗ್ಗಿದ್ದನಂತೆ. ನಾನು ಬರುವಾಗ ರಾಕೆಟ್ಟನ್ನು ತೊಡೆಯ ಮೇಲೆ ಮಲಗಿಸಿಕೊಂಡು ತನ್ನ ಮನೆಯ ಬಾಗಿಲ ಬಳಿ ಹೊರಗೇ ಕೂತಿದ್ದ. "ಒಳಗೆ ಒಯ್ಯೋ ಧೈರ್ಯ ಬರಲಿಲ್ಲ," ಎಂದ. ನಾನು ಅದನ್ನು ಕಸಿದುಕೊಳ್ಳಲಿಲ್ಲ. ಅವನಿಗೊಂದು ಮುದ್ದೆ ಬಡಿಸಿ ಉಣ್ಣಿಸಿದೆ.

ಉತ್ತರ ಬಂದಾಗ ಇಬ್ಬರೂ ನಡುಮನೆಯಲ್ಲಿದ್ದೆವು. ನಡು ಹಗಲು. ನಾನು ಅವರೆಕಾಯಿ ಸುಲಿಯುತ್ತಿದ್ದೆ.

"ಮಾದೇವಿ, ನೀನು ಹೇಳಿದ್ದು ಈಗ ತಾನೇ ಮುಟ್ಟಿತು. ಅವರೂ ಪಕ್ಕದಲ್ಲಿದ್ರೆ ಕೇಳಿಸ್ಕೊಳ್ಳಲಿ. ಎರಡೂ ಬೇಡ ಕಣೇ. ಚಕ್ರಾನೂ ಮುಟ್ಟಬೇಡಿ, ಪೆಟ್ಟಿಗೇನೂ ಮುಟ್ಟಬೇಡಿ. ಕೋಪ ಮಾಡ್ಕೋಬೇಡ. ನಿಮ್ಮನ್ನ ನೆನೆಸ್ಕೊಂಡು ಅಳು ಬರಲ್ಲ ಅಂತಲ್ಲ, ಬರುತ್ತೆ. ಅಳ್ತಾ ಅಳ್ತಾನೇ ನಡೀತೀನಿ, ಆದ್ರೂ ಉಸಿರು ಕಟ್ಟಲ್ಲ. ನೀನು ಕೇಳಿದಾಗಿಂದ ಈಗಿನವರೆಗೆ ನಾನು ನಡೆದಿರೋ ದೂರ ಎಷ್ಟು ಅಂತ ಹೇಳಿದ್ರೆ ನೀನು ನಂಬಲ್ಲ. ಇಷ್ಟು ದೂರದಲ್ಲಿ ಎಲ್ಲೂ ಕೂತಿಲ್ಲ ಮಾದೇವಿ. ಒಂದು ಕಡೆಯೂ ಕೂತಿಲ್ಲ."

ಪೆಟ್ಟಿಗೆ ಸುಮ್ಮನಾಯಿತು. ಗುರುಮಲ್ಲಪ್ಪ ನನ್ನ ಮುಖ ನೋಡಿದ. ಏನಾದರೂ ಹೇಳಿ ಎಂದು ಅವನ ಕಣ್ಣು ಬೇಡುತ್ತಿತ್ತು. ನೀವು ಕರೆದರೆ ಅವಳು ಬರುತ್ತಾಳೆ, ನಿಮ್ಮ ಮಾತು ಅವಳು ಯಾವತ್ತೂ ತೆಗೆದುಹಾಕಿಲ್ಲ ಎಂದು ಮೆಲ್ಲಗೆ ಹೇಳಿದ. ಅದು ನಿಜ. ನಾನು ಜೋರು ಮಾಡಿದರೆ ಬರುವವಳೇ ಅವಳು.

ನಾನು ಪೆಟ್ಟಿಗೆಯ ಹತ್ತಿರ ಸರಿದು ಕೂತೆ. ಬಂದ್ಬಿಡೇ ಎನ್ನುವ ಮಾತು ಗಂಟಲಲ್ಲೇ ಇತ್ತು, ಅವತ್ತು ಬೆಳಗಿನಿಂದ ಇತ್ತು, ಅದಕ್ಕೂ ಹಿಂದಿನಿಂದ ಇತ್ತು. ಗುರುಮಲ್ಲಪ್ಪ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ನನ್ನ ದನಿ ಎಷ್ಟು ಗಟ್ಟಿಯಿದೆಯೋ ಅಷ್ಟನ್ನೂ ಕೂಡಿಸಿಕೊಂಡು, "ನಡಿ ಗಂಗು. ನಿಲ್ಲಬೇಡ, ನಡಿ," ಎಂದೆ.

ಅವನು ಗೋಡೆಯ ಕಡೆ ತಿರುಗಿ ಕೂತ. ನಾನು ಅವರೆಕಾಯಿ ಸುಲಿದು ಮುಗಿಸಿದೆ. ಆ ಮಾತು ಅವಳಿಗೆ ಮುಟ್ಟಿತೋ ಇಲ್ಲವೋ, ಇವತ್ತಿನವರೆಗೂ ಉತ್ತರ ಬಂದಿಲ್ಲ.